ಪಕ್ಕದವರ ಕಾಗದ

"ಕಾಗದಾನ ನಾಲ್ಕು ಭಾಗ ಬರೋ ಹಂಗೆ ಮಡಿಸಿ, ಮೂರನೇದ್ರಲ್ಲಿ ಹೆಸರು, ಮೊದಲನೇದ್ರಲ್ಲಿ ಊರು ಬರೀರಿ, ಎರಡನೇದನ್ನ ಹರಿದು ಎಡಗಡೆಯವ್ರಿಗೆ ಕೊಡಿ."

ತರಬೇತಿ ಕೊಡುತ್ತಿದ್ದ ಮೇಡಂ ಒಂದೇ ಉಸಿರಿಗೆ ಇಷ್ಟು ಹೇಳಿ ಮುಗಿಸಿದರು. ಎಪ್ಪತ್ತರ ದಶಕದ ಕೊನೆಯಲ್ಲಿ, ಹೊಸೂರಿನಲ್ಲಿ ನಮ್ಮಂಥ ಕನ್ನಡ ಮೇಷ್ಟ್ರುಗಳಿಗೆ ನಡೆದ ಬೇಸಿಗೆ ತರಬೇತಿ ಅದು. ಕಾಗದ ಮಡಿಸುವಷ್ಟರಲ್ಲಿ ಮುಂದಿನದೆಲ್ಲ ನನ್ನ ತಲೆಯಿಂದ ಹಾರಿಹೋಗಿತ್ತು. ಮೆಲ್ಲಗೆ ಪಕ್ಕದವರ ಕಾಗದ ಇಣುಕಿದೆ.

ಮೇಡಂ ನೋಡಿಬಿಟ್ಟರು. "ನೀವು ಕಾಪಿ ಹೊಡೀಲಿಲ್ಲ ಸಾರ್. ಏನ್ ಮಾಡ್ಬೇಕು ಅನ್ನೋದು ಮರೆತೋಯ್ತು, ನೋಡ್ಕೊಂಡ್ರಿ. ಕೆಲವು ಮಕ್ಕಳೂ ಹಂಗೇ" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ನಮ್ಮ ಶಾಲೆಯ ಮುನಿರತ್ನ ಎಂಬ ಹುಡುಗಿ ಸದಾ ಪಕ್ಕದವಳ ಸ್ಲೇಟು ನೋಡುತ್ತಾಳೆಂದು ಸಿಟ್ಟಾಗಿ, ನಾನು ಅವಳೊಬ್ಬಳನ್ನೇ ವರ್ಷವಿಡೀ ಗೋಡೆಗೆ ಮುಖ ಮಾಡಿಸಿ ಕೂರಿಸಿದ್ದೆ.

ಶಾಲೆ ತೆರೆದ ದಿನವೇ ಅವಳನ್ನು ಮತ್ತೆ ಸಾಲಿಗೆ ಕರೆದು, ಮೊದಲಿನಂತೆ ಗೌರಿಯ ಪಕ್ಕದಲ್ಲೇ ಕೂರಿಸಿದೆ. "ಗೌರಿ ಸ್ಲೇಟು ನೋಡ್ಬೌದಾ ಸಾ?" ಎಂದು ಹೆದರುತ್ತಲೇ ಕೇಳಿದಳು.

"ನೋಡ್ಕೊಳಮ್ಮ" ಎಂದೆ.

ಅಂದಿನಿಂದ ಒಂದು ಸಲಕ್ಕೆ ಒಂದೇ ಕೆಲಸ ಹೇಳತೊಡಗಿದೆ. ಅವಳು ಗೌರಿಯ ಸ್ಲೇಟಿನ ಕಡೆ ತಿರುಗುವುದೇ ನಿಂತುಹೋಯಿತು. ಆ ಗೋಡೆಯ ಕಡೆ ಮಾತ್ರ ಬಹಳ ದಿನ ತಿರುತಿರುಗಿ ನೋಡುತ್ತಿದ್ದಳು.