ಹೊನ್ನಾವರದ ಕತೆ ಹೇಳುತ್ತಿದ್ದ ರಾಜೇಸಾಬರು

ಸಮುದ್ರ ತೋರಿಸುವ ವಿಷಯದಲ್ಲಿ ರಾಜೇಸಾಬರಂಥ ಜಿಪುಣರನ್ನು ನಾನು ಕಂಡಿಲ್ಲ. ಬ್ಯಾಡಗಿಯಿಂದ ನಸುಕಿನಲ್ಲೇ ಹೊರಟು, ಶಿರಸಿಯಲ್ಲಿ ಚಹಾ ಕುಡಿದು, ಘಟ್ಟ ಇಳಿಯುವಾಗ ಅರ್ಧ ಮಕ್ಕಳು ವಾಂತಿ ಮಾಡಿಕೊಂಡು ಅಂತೂ ಹೊನ್ನಾವರ ಮುಟ್ಟಿದರೆ, ಈ ಮನುಷ್ಯ ಶರಾವತಿ ಸೇತುವೆಯ ಈಚೆಗೇ ಮಿನಿಬಸ್ಸು ನಿಲ್ಲಿಸಿಬಿಡುತ್ತಿದ್ದರು. ಬಾಗಿಲಿಗೆ ಅಡ್ಡ ನಿಂತು, ಟವೆಲಿನಿಂದ ಮುಖ ಒರೆಸಿಕೊಂಡು ಶುರು ಮಾಡುತ್ತಿದ್ದರು.

"ಕುಂದ್ರಿ, ಕುಂದ್ರಿ. ಸಮುದ್ರ ಎಲ್ಲಿಗೂ ಓಡಿ ಹೋಗಂಗಿಲ್ಲ. ಮೊದಲ ಈ ಊರು ಎಂಥಾದ್ದು ತಿಳ್ಕೋರಿ."

ನಾನು ಕಾಗಿನೆಲೆ ಹತ್ತಿರದ ಶಾಲೆಯಲ್ಲಿ ಸಮಾಜ ಪಾಠ ಹೇಳುವವಳು. ಪ್ರತಿ ಚಳಿಗಾಲದ ಪ್ರವಾಸಕ್ಕೆ ಅವರದೇ ಗಾಡಿ. ಅವರ ಪಾಠವೇನೂ ಕೆಟ್ಟದಾಗಿರಲಿಲ್ಲ ಅನ್ನಿ. "ಇಲ್ಲಿ ಕರಿಮೆಣಸಿಗೆ ಅರಬರ ಹಡಗ ಬರ್ತಿದ್ವು. ನಮ್ಮ ಮೆಣಸಿನಕಾಯಿ ಆವಾಗ ಎಲ್ಲಿತ್ತು? ಪೋರ್ಚುಗೀಸರು ತಂದಮ್ಯಾಲ ಬಂತು. ಅವರು ಬರದಿದ್ರ ನಾವು ಬ್ಯಾಡಗಿಯವರು ಏನ್ ಮಾರತಿದ್ವಿ ಹೇಳ್ರಿ?" ಎಂದು ಮಕ್ಕಳನ್ನು ನಗಿಸುತ್ತಿದ್ದರು. ಆ ಕಾಲದಲ್ಲೇ ಈ ಊರಲ್ಲಿ ಹೆಣ್ಣುಮಕ್ಕಳಿಗೆ ಶಾಲೆಗಳಿದ್ದವಂತೆ ಎಂದಾಗ ನಮ್ಮ ಹುಡುಗಿಯರು ನೆಟ್ಟಗೆ ಕೂರುತ್ತಿದ್ದರು. ಆಮೇಲೆ ಸಮುದ್ರದ ನಡುವಿನ ಬಸವರಾಜ ದುರ್ಗದ ಕೋಟೆ ಬರುತ್ತಿತ್ತು.

ಆ ಕೋಟೆಯ ಲೆಕ್ಕವೇ ನನಗೆ ತಿಳಿಯುತ್ತಿರಲಿಲ್ಲ. ಒಂದು ವರ್ಷ ಐದು ನಿಮಿಷದಲ್ಲಿ ಮುಗಿದ ಕತೆ ಮರುವರ್ಷ ಮುಕ್ಕಾಲು ಗಂಟೆ ಎಳೆಯಿತು. ನಾನು ಕೇಳಿರದ ರಾಜರೆಲ್ಲ ಬಂದು ಮುತ್ತಿಗೆ ಹಾಕಿ ಹೋದರು. ಮೂರನೆಯ ವರ್ಷ ಇನ್ನೂ ಉದ್ದವಾದಾಗ ನನ್ನ ಪಿತ್ತ ನೆತ್ತಿಗೇರಿತು.

"ರಾಜೇಸಾಬ್ರ, ಇತಿಹಾಸ ಹೇಳೋದು ನನ್ನ ಕೆಲಸ. ನೀವು ಗಾಡಿ ಹೊಡೀರಿ ಸಾಕು," ಎಂದೆ, ಮಕ್ಕಳೆದುರಿಗೇ.

"ಆತ್ರಿ ಅಕ್ಕೋರ," ಎಂದು ಕೀಲಿ ತಿರುಗಿಸಿದರು. ಆ ಮಾತು ನೆನಪಾದರೆ ಇಂದಿಗೂ ನಾಚಿಕೆಯಾಗುತ್ತದೆ.

ಸೇತುವೆಯಾಚೆಯ ಕಾಸರಕೋಡಿನ ದಂಡೆಯಲ್ಲಿ ಮಕ್ಕಳು ಕೂಗುತ್ತ ನೀರಿಗೆ ಓಡಿದರು. ರಾಜೇಸಾಬರು ಅವರೆಲ್ಲರನ್ನೂ ದಾಟಿಕೊಂಡು ಹೋಗಿ, ಸೊಂಟದ ಮಟ್ಟದ ನೀರಿನಲ್ಲಿ ಸಮುದ್ರಕ್ಕೆ ಬೆನ್ನು ಮಾಡಿ, ಎರಡೂ ಕೈ ಅಗಲಿಸಿ ನಿಂತುಬಿಟ್ಟರು. ಅಲೆಗಳು ಬೆನ್ನಿಗೆ ಬಡಿದು ಎರಡು ಬಾರಿ ಮುಗ್ಗರಿಸಿದರೂ ಜಾಗ ಬಿಡಲಿಲ್ಲ. ಮಂಡಕ್ಕಿ ತಿನ್ನಲು ಕರೆದೆ, ಬರಲಿಲ್ಲ. ಕೊನೆಯ ಮಗು ಮೇಲೆ ಬಂದ ಮೇಲೆಯೇ ಬಂದು, ನಡುಗುತ್ತ ಮರಳಿನ ಮೇಲೆ ಕೂತರು. ಏನಾಯಿತೆಂದು ಕೇಳಿದೆ.

"ಹಿಂದೊಮ್ಮೆ ಹೊಸರಿತ್ತಿ ಕಡೆಯ ಎಂಟು ಹುಡುಗರನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದೆ, ಅಕ್ಕೋರ. ಅದ್ರಾಗ ಒಬ್ಬಾಂವ ತುಂಬಿದ ವರದಾ ಹೊಳಿ ಈಜಿ ದಾಟಾಂವ. 'ಹೊಳಿ ಈಜಿದಾಂವಗ ಇದೇನ್ ದೊಡ್ಡದು' ಅಂತ ಇಳದ. ಹೊಳಿಯಾಗಾದ್ರ ಹೆಂಗರ ದಂಡಿ ಹಿಡೀಬಹುದ್ರಿ. ಇದು ಒಳಗ ಎಳಕೋತೈತಿ. ನಾ ಗಾಲಿ ನೋಡಾಕತ್ತಿದ್ದೆ. ತಲಿ ಎತ್ತಿ ನೋಡೂದ್ರಾಗ ಇಲ್ಲ." ಒದ್ದೆ ಟವೆಲು ಹಿಂಡಿದರು. "ಹೊಳ್ಳಿ ಒಯ್ದಿದ್ದು ಏಳ ಮಂದಿ. ಅವನ ಚಪ್ಪಲಿ ಗಾಡ್ಯಾಗ ಉಳದಿದ್ವು. ಅವರವ್ವನ ಕೈಯಾಗ ನಾನ ಕೊಟ್ಟೆ."

ಶಿರಸಿಯ ಚಹಾದಂಗಡಿಯಲ್ಲಿ ಅವರು ಯಾರಿಗೋ ಫೋನು ಹಚ್ಚುವುದನ್ನು ನಾನು ಹರಟೆ ಎಂದುಕೊಂಡಿದ್ದೆ. ಅದು ಹೊನ್ನಾವರದ ಒಬ್ಬ ಮೀನುಗಾರನಿಗೆ, ನೀರಿನ ಸೆಳೆತ ಯಾವಾಗ ತಗ್ಗುತ್ತದೆಂದು ಕೇಳಲು ಎಂಬುದು ಆಗ ಗೊತ್ತಾಯಿತು. ಅಲ್ಲಿಯತನಕ ಜನರನ್ನು ಕೂರಿಸಲಿಕ್ಕೆಂದೇ ದೋಣಿಯವರನ್ನು ಕೇಳಿ ಕೇಳಿ ಊರಿನ ಇತಿಹಾಸ ಕಲಿತಿದ್ದರು. "ಇಳೀಬ್ಯಾಡ್ರಿ ಅಂದ್ರ ಯಾರೂ ಕೇಳಂಗಿಲ್ರಿ. ಕತಿ ಅಂದ್ರ ಕುಂದರತಾರ."

ಮುಂದಿನ ವರ್ಷದಿಂದ ನಾನೂ ಮುಂದಿನ ಸೀಟಿನಲ್ಲಿ ಕೂತು ಕತೆ ಕೇಳಿದೆ. ಅಲೆ ಜೋರಾಗಿದ್ದ ದಿನ ಅವರಿಗೆ ರಾಜರು ಸಾಲದಾದಾಗ ಒಂದಿಬ್ಬರನ್ನು ನಾನೇ ಒದಗಿಸಿದ್ದುಂಟು.

ಹೋದ ವರ್ಷ ಅವರು ಹಾಸಿಗೆ ಹಿಡಿದಿದ್ದರು. ಬೇರೆ ಗಾಡಿಯಲ್ಲಿ ಹೋದೆವು. ಹೊರಡುವ ಮುನ್ನ ಮೀನುಗಾರನ ನಂಬರು ಕೊಟ್ಟಿದ್ದರು. ಸೇತುವೆಯ ಈಚೆಗೇ ಗಾಡಿ ನಿಲ್ಲಿಸಿ, ಅವನು ಹೇಳಿದ ಹೊತ್ತಿನವರೆಗೆ ನಾನೇ ಕತೆ ಹೇಳಿದೆ. ಬೇಗ ಹೊರಟು, ಸಂಜೆ ಬ್ಯಾಡಗಿಗೆ ಬಂದವಳೇ ಗಾಡಿಯನ್ನು ಅವರ ಓಣಿಗೆ ತಿರುಗಿಸಿದೆ. ನಾನು ಅವರನ್ನು ಕಂಡದ್ದು ಅದೇ ಕೊನೆ, ಆ ವಾರವೇ ತೀರಿಕೊಂಡರು.

"ಮುಂಜಾನಿಂದ ಬಾಗಲಾ ನೋಡಾಕತ್ತಾರ್ರಿ," ಎಂದರು ಅವರ ಹೆಂಡತಿ.

"ಎಷ್ಟ ಮಂದಿ ಹೋಗಿದ್ರಿ?" ರಾಜೇಸಾಬರ ದನಿ ಬಹಳ ಸಣ್ಣಗಾಗಿತ್ತು.

"ಇಪ್ಪತ್ತೆರಡು ಮಕ್ಕಳು. ಎಲ್ಲಾರೂ ಬಂದಾರ್ರಿ."

ಅವರು ತಲೆ ಆಡಿಸಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೊರಗೆ ಹೋಗಿ ಮಕ್ಕಳನ್ನು ಇಳಿಸಿ, ಒಬ್ಬೊಬ್ಬರನ್ನಾಗಿ ಅವರ ಮಂಚದ ಮುಂದೆ ದಾಟಿಸಿದೆ. ಅವರ ತೋರುಬೆರಳು ಪ್ರತಿಯೊಬ್ಬರಿಗೂ ಒಮ್ಮೆ ಮೇಲೇಳುತ್ತಿತ್ತು. ಇಪ್ಪತ್ತೆರಡನೆಯ ಹುಡುಗಿ ದಾಟಿದ ಮೇಲೆ ಕೈ ಹಾಸಿಗೆಗೆ ಇಳಿಯಿತು.

"ಲಗೂನ ಮನೀಗೆ ಮುಟ್ಟಸ್ರಿ ಅಕ್ಕೋರ," ಎಂದರು. "ಅವರವ್ವಂದಿರು ದಾರಿ ನೋಡ್ತಿರತಾರ."