ಟವೆಲ್ ಹಾಕಿದ ಸೀಟು

ಮೊದಲೇ ಹೇಳಿಬಿಡುತ್ತೇನೆ, ನಾನು ಗಣಿತದ ಟೀಚರ್. ದೆವ್ವ ಗಿವ್ವ ಅಂತ ಯಾರಾದರೂ ಬಾಯಿ ತೆರೆದರೆ "ಹೋಗ್ರೀ, ನಿಮ್ ತಲೆ" ಅನ್ನುವ ಪೈಕಿ. ಆದರೆ ಹೋದ ಚಳಿಗಾಲದಲ್ಲಿ ಬಬಲೇಶ್ವರದಿಂದ ವಿಜಯಪುರಕ್ಕೆ ಬರುವ ದಾರಿಯಲ್ಲಿ ಆದದ್ದು ಆದದ್ದೇ. ಒಂದಕ್ಷರ ಸೇರಿಸಿಲ್ಲ. ನೀವು ನಕ್ಕರೂ ನನಗೆ ಬೇಜಾರಿಲ್ಲ, ಒಂದು ಕಾಲದಲ್ಲಿ ನಾನೂ ನಗುತ್ತಿದ್ದೆ.

ನಾನು ಮಂಡ್ಯದ ಕಡೆಯವಳು. ಬಬಲೇಶ್ವರದ ಶಾಲೆಗೆ ವರ್ಗವಾಯಿತು. ಗಂಡನ ಕೆಲಸ ಊರಲ್ಲೇ, ಕಾರೂ ಅವರ ಹತ್ತಿರವೇ. ಐದು ವರ್ಷದ ಮಗ ಚಿನ್ಮಯನಿಗೆ ಉಬ್ಬಸ. ಒಳ್ಳೆಯ ಡಾಕ್ಟರು ಹತ್ತಿರವಿರಲಿ ಅಂತ ವಿಜಯಪುರದಲ್ಲೇ ಮನೆ ಹಿಡಿದೆ. ಮನೆಯ ಒಡತಿ ಹಸೀನಾ ಖಾಲಾ ಕೆಳಗೆ, ನಾವಿಬ್ಬರು ಮಹಡಿ ಮೇಲೆ. ಸಂಜೆ ನಾನು ಬರುವವರೆಗೂ ಮಗ ಅವರ ಮಡಿಲಲ್ಲೇ ಇರುತ್ತಿದ್ದ.

ಕಾರಿಲ್ಲದ ಬದುಕಿನ ಮೊದಲ ಪಾಠ ಮೊದಲ ವಾರವೇ ಆಯಿತು. ಬಸ್ಸಿನ ಸೀಟಿನ ಮೇಲೆ ಒಂದು ಕರ್ಚೀಫ್ ಬಿದ್ದಿತ್ತು. ಯಾರೋ ಮರೆತಿದ್ದಾರೆ ಅಂತ ಪಕ್ಕಕ್ಕಿಟ್ಟು ಕೂತೆ. "ಏನ್ರಿ ಅಕ್ಕೋರ, ಕಿಡಕ್ಯಾಗಿಂದ ಕರ್ಚೀಪ ಹಾಕಿ ಸೀಟ ಹಿಡದೇನಿ, ಕಣ್ಣ ಕಾಣೂದಿಲ್ಲೇನ್ರಿ?" ಅಂತ ಒಬ್ಬಳು ಮೈಮೇಲೇ ಬಂದಳು. ನಾನೇನು ಕಮ್ಮಿಯೇ? "ನಿಮ್ ಕರ್ಚೀಫಿಗೂ ಟಿಕೆಟ್ ತಗೊಂಡಿದೀರಾ?" ಅಂದೆ. ಇಡೀ ಬಸ್ಸು ಅವಳ ಪರ ನಿಂತಿತು. ಎದ್ದು ನಿಂತೆ. ಇಲ್ಲಿ ಬಟ್ಟೆ ಹಾಕಿ ಹಿಡಿದ ಸೀಟಿಗೆ ಯಾರೂ ಕೈ ಹಚ್ಚುವುದಿಲ್ಲ ಅಂತ ಅವತ್ತು ತಿಳಿಯಿತು.

ಚಳಿಗಾಲದ ಒಂದು ಸಂಜೆ ಪರೀಕ್ಷೆಯ ಕೆಲಸ ಮುಗಿಯುವಷ್ಟರಲ್ಲಿ ಕತ್ತಲಾಗಿತ್ತು. ಬಸ್ ಸ್ಟ್ಯಾಂಡಿಗೆ ಬರುತ್ತಿದ್ದಂತೆ ಖಾಲಾ ಫೋನು.

"ಬೇಟಿ, ಹುಡುಗಗ ಭಾಳ ದಮ್ಮ ಹತ್ತೇತಿ. ಪಂಪ್ ಹೊಡದರೂ ಇಳಿವಲ್ದು. ದವಾಖಾನಿಗಿ ಕರಕೊಂಡ ಹೊಂಟೇವಿ. ಅಮ್ಮ ಅಮ್ಮ ಅಂತ ಅಳಾಕತ್ತಾನ, ಅತ್ತಷ್ಟೂ ಉಸರ ಸಿಗವಲ್ದು. ಜಲ್ದಿ ಬಾ ಬೇ!"

ಅವರ ಮಾತಿನ ಹಿಂದೆ ಮಗನ ಎದೆಯ ಸದ್ದು ಕೇಳಿತು. ಸುಂಯ್... ಸುಂಯ್...

ಬಸ್ಸು ಆಗಷ್ಟೇ ಹೋಗಿತ್ತು. ಹೊರಗೆ ಒಂದು ಜೀಪು ಹೊರಡುವುದರಲ್ಲಿತ್ತು. ಒಳಗೆ ಜನ ಒಬ್ಬರ ಮೇಲೊಬ್ಬರು ಕೂತಿದ್ದರು, ಹಿಂದೆ ಮೂವರು ಜೋತಾಡುತ್ತಿದ್ದರು. ಆದರೂ ನಡುವಿನ ಸಾಲಿನಲ್ಲಿ ಬಾಗಿಲ ಪಕ್ಕದ ಜಾಗ ಖಾಲಿ. ಅದರ ಮೇಲೆ ಮಾಸಿದ ಬಿಳಿ ಟವೆಲ್.

"ಅದು ಹಿಡದ ಸೀಟರಿ ಅಕ್ಕೋರ," ಅಂದ ಡ್ರೈವರ್ ಶಿವಪ್ಪ.

"ಯಾರದ್ದು? ಎಲ್ಲಿದಾರೆ?"

"ಮುಂದ ಹತ್ತತಾರ್ರಿ."

"ಮುಂದೆ ಹತ್ತೋರಿಗೆ ಇಲ್ಲಿಂದ್ಲೇ ಸೀಟಾ? ನನ್ ಮಗು ಆಸ್ಪತ್ರೇಲಿದೆ ಕಣ್ರೀ!" ಟವೆಲ್ ತೆಗೆದು ಅವನ ಹೆಗಲಿಗೆ ಹಾಕಿ ಕೂತೇಬಿಟ್ಟೆ.

ಜಗಳಕ್ಕೆ ಯಾರೂ ಬರಲಿಲ್ಲ. ಈ ಊರಲ್ಲಿ ಅದೇ ವಿಚಿತ್ರ. ಪಕ್ಕದಲ್ಲಿದ್ದ ಮುದುಕಿ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಜೀಪು ಊರು ದಾಟಿತು. ಎರಡೂ ಕಡೆ ಕಪ್ಪು ಹೊಲ, ಬೀಸುವ ಚಳಿಗಾಳಿ. ನಾನು ಕಂಡ ಕಂಡ ದೇವರನ್ನೆಲ್ಲ ಕರೆಯುತ್ತಿದ್ದೆ. ಒಳಗೆ ಯಾರೂ ಮಾತಾಡುತ್ತಿಲ್ಲ ಅನ್ನುವುದು ತಡವಾಗಿ ಗಮನಕ್ಕೆ ಬಂತು. ಅಷ್ಟು ಜನ ತುಂಬಿದ ಜೀಪಿನಲ್ಲಿ ಒಂದು ಕೆಮ್ಮು ಕೂಡ ಇಲ್ಲ...

ಒಂದು ಬೇವಿನ ಮರದ ಹತ್ತಿರ ಶಿವಪ್ಪ ಗಾಡಿ ನಿಲ್ಲಿಸಿದ. ಮನೆಯಿಲ್ಲ, ದೀಪವಿಲ್ಲ, ಹೊಲಕ್ಕೆ ಇಳಿಯುವ ಕಾಲುದಾರಿ ಅಷ್ಟೇ. ಅವನು ಇಳಿದು ಬಂದು ನನ್ನ ಪಕ್ಕದ ಬಾಗಿಲು ತೆರೆದ. ಕತ್ತಲ ಕಡೆ ತಿರುಗಿ, ತಲೆ ತಗ್ಗಿಸಿ, ಮೆಲ್ಲಗೆ ಹೇಳಿದ.

"ಕಾಕಾ, ಇವತ್ತ ಸೀಟ ಇಲ್ರಿ. ಈ ಅಕ್ಕೋರ ಕುಂತಾರ. ಕೂಸಿಗಿ ಆರಾಮ ಇಲ್ಲಂತ. ಸಿಟ್ಟ ಆಗಬ್ಯಾಡ್ರಿ."

ನನಗೆ ಯಾರೂ ಕಾಣಲಿಲ್ಲ. ಕತ್ತಲಲ್ಲಿ ಯಾರೋ ಅಜ್ಜ ನಿಂತಿರಬೇಕು ಅಂದುಕೊಂಡೆ. ಆ ಚಳಿಯಲ್ಲಿ ಕಾದು ನಿಂತವರ ಜಾಗ ಕಿತ್ತುಕೊಂಡೆನಲ್ಲ ಅನ್ನಿಸಿತು. ಮುದುಕಿಯ ಕಡೆ ಒತ್ತರಿಸಿ ಕೂತು, "ಬನ್ನಿ ಅಜ್ಜ, ಇಬ್ರೂ ಅಡ್ಜಸ್ಟ್ ಮಾಡ್ಕೊಳೋಣ," ಅಂದೆ.

ಶಿವಪ್ಪ ಗಕ್ಕನೆ ನನ್ನ ಮುಖ ನೋಡಿದ. ಮುದುಕಿ ನನ್ನ ತೋಳನ್ನು ಉಗುರು ಇಳಿಯುವಂತೆ ಹಿಡಿದಳು.

"ಯವ್ವಾ... ಕರದಿ ಏನ ಬೇ? ಜಾಗಾ ಬಿಟ್ಟ ಸುಮ್ಮನ ಇರ್ತೀವಿ ನಾವು. ಬಾ ಅಂತ ಯಾರೂ ಕರದಿದ್ದಿಲ್ಲ!"

ಅಷ್ಟರಲ್ಲಿ ಜೀಪು ನನ್ನ ಕಡೆಗೆ ವಾಲಿತು, ಯಾರೋ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗೆ. ನೆಂದ ಕಂಬಳಿಯ ವಾಸನೆ, ಅದರೊಳಗೆ ತಂಬಾಕು ಸುಣ್ಣದ ಘಾಟು. ನನ್ನ ಎಡತೋಳು ಐಸಿಗೆ ತಾಗಿದಂತೆ ಮರಗಟ್ಟಿತು. ತಿರುಗಿ ನೋಡಿದೆ. ನನಗೂ ಬಾಗಿಲಿಗೂ ನಡುವೆ ಯಾರೂ ಇರಲಿಲ್ಲ. ಸೀಟಿನ ರೆಕ್ಸಿನ್ ಮಾತ್ರ ಕುಗ್ಗಿತ್ತು.

ಶಿವಪ್ಪ ಬಾಗಿಲು ಹಾಕಿದ. ಗಾಡಿ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ನನ್ನ ಕಿವಿಯ ಪಕ್ಕದಲ್ಲೇ ಶುರುವಾಯಿತು. ಸುಂಯ್... ಸುಂಯ್... ಅದೇ ಉಬ್ಬಸ. ನನ್ನ ಮಗನದೇ ಸದ್ದು. ತಾಯಿಗೆ ಅದು ಗೊತ್ತಾಗುವುದಿಲ್ಲವೇ? ಎರಡೂ ಕಿವಿ ಮುಚ್ಚಿಕೊಂಡೆ. ವಿಜಯಪುರದ ದೀಪಗಳು ಕಾಣುವವರೆಗೂ ಅದು ನಿಲ್ಲಲಿಲ್ಲ.

ಆಸ್ಪತ್ರೆಯ ಮುಂದೆ ಜೀಪಿನಿಂದ ಹಾರಿ ಓಡಿದೆ. ಹಿಂದೆ ಜೀಪು ಇನ್ನೊಮ್ಮೆ ಅಲುಗಿದ ಸದ್ದಾಯಿತು, ನನ್ನ ಬೆನ್ನಿಗೇ ಯಾರೋ ಇಳಿದ ಹಾಗೆ. ತಿರುಗಿ ನೋಡಲಿಲ್ಲ.

ಮಗ ಬೆಂಚಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ!

"ಡಾಕ್ಟರ ಬರೂದ್ರಾಗ ತಾನ ಇಳೀತ ಬೇಟಿ," ಅಂದರು ಖಾಲಾ, ಕಣ್ಣೊರೆಸಿಕೊಳ್ಳುತ್ತ. "ಯಾರೋ ಎದಿಮ್ಯಾಗಿನ ಕಲ್ಲ ತಗದಂಗ, ಒಮ್ಮಿಗಿಲೆ. ಅಲ್ಲಾ ದೊಡ್ಡಾಂವ." ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಸದ್ದೇ ಇಲ್ಲವಲ್ಲ ಅಂತ ಹುಬ್ಬೇರಿಸಿದರು. ನಾನು ಮಗನನ್ನು ಅಪ್ಪಿಕೊಂಡು ಹೋ ಅಂತ ಅತ್ತೆ.

ಮಾರನೆಯ ದಿನ ಶಿವಪ್ಪನನ್ನು ಹುಡುಕಿಕೊಂಡು ಹೋದೆ.

"ನಮ್ಮಪ್ಪ ಗಾಡಿ ಹೊಡಿವಾಗಿಂದ ಟವಲ್ಲ ಹಾಕ್ತಿದ್ವಿರಿ. ಯಾರಂತ ಅವಂಗೂ ಗೊತ್ತಿದ್ದಿಲ್ಲ," ಅಂದ. ನನ್ನ ಮುಖ ನೋಡುತ್ತಿರಲಿಲ್ಲ. "ಇನ್ನ ಹಾಕೂದಿಲ್ರಿ."

"ಯಾಕೆ?"

"ಮುಂಜಾನಿ ಆ ಬೇವಿನ ಗಿಡದ ಹತ್ತಿರ ಗಾಡಿ ನಿಲ್ಲಿಸಿದ್ನಿರಿ. ಅಲ್ಲಿ ಈಗ ಯಾರೂ ಇಲ್ರಿ ಅಕ್ಕೋರ."

ಅವತ್ತಿನಿಂದ ಮಗನಿಗೆ ಒಮ್ಮೆಯೂ ಉಬ್ಬಸ ಬಂದಿಲ್ಲ. ಸಂತೋಷಪಡಬೇಕಲ್ಲವೇ? ಆದರೆ ಬಸ್ಸು ಎಷ್ಟೇ ತುಂಬಿದ್ದರೂ ನನ್ನ ಪಕ್ಕ ಯಾರೂ ಕೂರುವುದಿಲ್ಲ. ನಿಂತೇ ಬರುತ್ತಾರೆ. "ಬನ್ರೀ, ಜಾಗ ಇದೆ," ಅಂದರೆ "ಇರಲಿ ಬಿಡ್ರಿ" ಅಂತ ಮುಖ ತಿರುಗಿಸುತ್ತಾರೆ. ಕಾರು ಕಳಿಸಲಾ ಅಂತ ಗಂಡ ಫೋನಿನಲ್ಲಿ ಕೇಳುತ್ತಲೇ ಇರುತ್ತಾರೆ. ಬೇಡ ಅನ್ನುತ್ತೇನೆ. ಬಸ್ಸಲ್ಲಾದರೆ ನಾಲ್ಕು ಜನ ಇರುತ್ತಾರೆ. ಕಾರಿನಲ್ಲಿ, ಪಕ್ಕದ ಸೀಟಿನ ಜೊತೆ ನಾನೊಬ್ಬಳೇ ಹೇಗೆ ಕೂರಲಿ?

ಕಳೆದ ಭಾನುವಾರ ತಿಕೋಟಾದಲ್ಲಿರುವ ಜೊತೆಯ ಟೀಚರೊಬ್ಬರ ಮನೆಗೆ ಮಗನ ಜೊತೆ ಬಸ್ಸಿನಲ್ಲಿ ಹೊರಟೆ. ಮೂವರ ಸೀಟು. ಈ ತುದಿಗೆ ನಾನು, ನಡುವೆ ಅವನು. ಕಿಟಕಿಯ ಪಕ್ಕ ಖಾಲಿ. ಮಗುವಿಗೆ ಕಿಟಕಿ ಬೇಕೇ ಬೇಕು, ಆದರೂ ಅತ್ತ ಸರಿಯಲಿಲ್ಲ. ಸ್ವಲ್ಪ ಹೊತ್ತಿಗೆ ತೂಕಡಿಸಿದ. ತಲೆ ನನ್ನ ಕಡೆ ಬೀಳಲಿಲ್ಲ, ಕಿಟಕಿಯ ಕಡೆ ವಾಲಿತು... ವಾಲಿ, ನಡುವೆಯೇ ನಿಂತಿತು. ಅದರ ಕೆಳಗೆ ಏನೂ ಇರಲಿಲ್ಲ. ಬಸ್ಸು ಗುಂಡಿಗೆ ಬಿದ್ದರೂ ಅಲುಗಲಿಲ್ಲ.

ಅವನನ್ನು ನನ್ನ ಕಡೆಗೆ ಎಳೆದುಕೊಂಡೆ. ತಲೆ ನನ್ನ ತೋಳಿಗೆ ತಾಗಿದ್ದೇ ತಡ, ಇಷ್ಟು ದಿನ ಸುಮ್ಮನಿದ್ದ ಅವನ ಎದೆ ಶುರುಮಾಡಿತು. ಸುಂಯ್... ಸುಂಯ್...

ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ. ಆಮೇಲೆ ನಾನೇ ಅವನ ತಲೆಯನ್ನು ಮೆಲ್ಲಗೆ ಮತ್ತೆ ಆ ಕಡೆಗೆ ವಾಲಿಸಿದೆ.