ಪೊರಕೆಕಡ್ಡಿಗೆ ಸುತ್ತಿದ ನಾರು

ಆ ವರ್ಷದ ಬೇಸಿಗೆ ರಜಕ್ಕೆ ನಮ್ಮ ಮಿಷನ್ನಿನ ದೊರೆಸಾನಿ ಹೊಸದೊಂದು ಅಪ್ಪಣೆ ಕೊಟ್ಟರು. ಪಾವಗಡದಲ್ಲಿ ಕ್ರೈಸ್ತರೆಂದರೆ ಆಗ ನಾಲ್ಕಾರು ಮನೆ. ಒಂದು ಹೆಂಚಿನ ದೇವಾಲಯ, ಅದರ ಮಗ್ಗುಲಿಗೆ ಹೆಣ್ಣುಮಕ್ಕಳ ಶಾಲೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು ನಾನು, ದೇವಾಲಯದಲ್ಲಿ ಉಪದೇಶಿಯಾಗಿದ್ದವರು ನನ್ನ ಗಂಡ. "ಈಸ್ಟರ್ ಹಬ್ಬ ಮುಗಿಯುವ ತನಕ ಬೀದಿಯಲ್ಲಿ ನಿಂತು ಬೋಧನೆ ಮಾಡುವುದು ಬೇಡ. ಒಬ್ಬೊಬ್ಬರು ಒಂದೊಂದು ಮನೆ ಹಿಡಿಯಿರಿ. ಆ ಮನೆಯಲ್ಲಿ ಯಾವ ಕೆಲಸ ಬಿದ್ದಿದೆಯೋ ಅದನ್ನು ಮಾಡಿ. ಮಾತು ಆಮೇಲೆ" ಎಂದರು ದೊರೆಸಾನಿ. ಹೇಳುವಾಗ ನೋಡಿದ್ದು ಮಾತ್ರ ನನ್ನ ಕಡೆಗೆ. ನನ್ನ ಬಾಯಿ ಜೋರು ಅನ್ನುವುದು ಊರಿಗೇ ಗೊತ್ತು. ಅದನ್ನು ಸಭೆಯ ಎದುರಿಗೆ ಹೇಳಬೇಕಿತ್ತೆ? ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿದೆ.

ನನ್ನ ಪಾಲಿಗೆ ಬಂದದ್ದು ಮೆಟ್ಟಿಲುಬಾವಿಯ ಪಕ್ಕದ ಕುರಿಯವರ ಮನೆ. ಮನೆಯಲ್ಲಿದ್ದವರು ಇಬ್ಬರೇ, ಅತ್ತೆ ಮತ್ತು ಸೊಸೆ. ಮಗ ಕುರಿಗಳನ್ನು ಹೊಡೆದುಕೊಂಡು ಮೇವಿಗಾಗಿ ಕೊಳಾಲದ ಕಡೆ ಹೋಗಿದ್ದ. ಸೊಸೆಗೆ ಇನ್ನೂ ಮುಖದ ಮೇಲಿನ ಎಳಸು ಹೋಗಿರಲಿಲ್ಲ. ಮದುವೆಯಾಗಿ ಬಂದು ವರ್ಷ ತುಂಬುವುದರೊಳಗೆ ಅವಳ ಕಾಲಿನ ಹರಡಿನಲ್ಲಿ, ಪಾದದ ಗಂಟಿನ ಹತ್ತಿರ, ನಾರುಹುಣ್ಣು ಎದ್ದಿತ್ತು.

ಈಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮ ಸೀಮೆಯಲ್ಲಿ ಆಗ ಅದು ಮನೆಮನೆಯ ಕಾಯಿಲೆ. ಜನ ಕಾಲಿಟ್ಟು ಇಳಿಯುವ ಬಾವಿಯ ನೀರು ಕುಡಿದವರಿಗೆ ಬರುವಂಥದ್ದು. ಮೊದಲು ಬೊಬ್ಬೆ ಏಳುತ್ತದೆ, ಒಡೆಯುತ್ತದೆ, ಒಳಗಿನಿಂದ ಬಿಳೀ ದಾರದಂಥ ಹುಳ ತಲೆ ಹಾಕುತ್ತದೆ. ಅದನ್ನು ಎಳೆಯುವ ಹಾಗಿಲ್ಲ. ಪೊರಕೆಕಡ್ಡಿಗೆ ಸಿಕ್ಕಿಸಿ, ನೀರು ಬಿಟ್ಟುಕೊಂಡು, ದಿನಕ್ಕೆ ಒಂದು ಸುತ್ತೋ ಅರ್ಧ ಸುತ್ತೋ ಬಂದಷ್ಟು ಸುತ್ತಿ, ಕಡ್ಡಿಯನ್ನು ಕಾಲಿಗೇ ಕಟ್ಟಿ ಬಿಡಬೇಕು. ಆತುರಪಟ್ಟರೆ ಕಿತ್ತುಹೋಗುತ್ತದೆ, ಒಳಗೆ ಉಳಿದದ್ದು ಕೊಳೆತು ಕಾಲನ್ನೇ ತಿನ್ನುತ್ತದೆ. ಅದೇ ಬೀದಿಯ ಒಬ್ಬ ಗಟ್ಟಿಮುಟ್ಟಾದ ಆಳು ಹಾಗೇ ಮಂಡಿ ಸೆಟೆದು, ಕೋಲೂರಿಕೊಂಡು ತಿರುಗುತ್ತಿದ್ದ. ಸುತ್ತುವ ಕೆಲಸ ನಾನು ನನ್ನ ತಾಯಿಯಿಂದ ಕಲಿತಿದ್ದೆ. ಸಹನೆ ಮಾತ್ರ ಅವಳಿಂದ ಬಂದಿರಲಿಲ್ಲ.

ಮೊದಲ ದಿನವೇ ಅತ್ತೆ, ಸೊಸೆಯ ಎದುರಿನಲ್ಲೇ ನನಗೆ ಹೇಳಿದಳು: "ನೋಡು ಇಸ್ಕೂಲಮ್ಮ, ನನ್ ಮಗ ಬರೋ ಹೊತ್ಗೆ ಇವ್ಳು ಎದ್ದು ಓಡಾಡ್ತಿರ್ಬೇಕು. ಕುಂಟೀನ ಕಟ್ಕಂಡು ಕುರಿ ಹಿಂದೆ ತಿರುಗಾಕಾಯ್ತದಾ? ಶಿರಾದಾಗೆ ನನ್ ತಂಗಿ ಮಗಳವ್ಳೆ. ಅವ್ಳನ್ನ ತಂದ್ಕತೀನಿ, ಅಷ್ಟೇಯ."

ಹುಡುಗಿ ತಲೆ ಎತ್ತಲಿಲ್ಲ. ನನ್ನ ಕೈಯಲ್ಲಿದ್ದ ಕಾಲನ್ನು ಸೀರೆಯ ಅಂಚಿನಿಂದ ಮುಚ್ಚಿಕೊಳ್ಳಲು ನೋಡಿದಳು. ಆವತ್ತಿನಿಂದ ನನಗೆ ನೆಮ್ಮದಿ ಇಲ್ಲ. ಆ ಹುಡುಗಿಯ ಬಾಳು ಒಂದು ಪೊರಕೆಕಡ್ಡಿಯ ಮೇಲೆ ನಿಂತಿತ್ತು, ಆ ಕಡ್ಡಿ ನನ್ನಂಥ ಸಿಡುಕಿಯ ಕೈಯಲ್ಲಿತ್ತು.

ದಿನಾ ಬೆಳಿಗ್ಗೆ ಹೋಗಿ ಜಗಲಿಯ ಮೇಲೆ ಕೂರುತ್ತಿದ್ದೆ. ಒಳಗೆ ಬಾ ಅಂತ ಅವರು ಕರೆಯಲಿಲ್ಲ, ನಾನೂ ಕೇಳಲಿಲ್ಲ. ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ತೊಳೆದು, ಒದ್ದೆಬಟ್ಟೆ ಹಿಡಿದು ಸುತ್ತುವುದು. ಸುತ್ತುವಾಗ ಏಸುಸ್ವಾಮಿಯ ಒಂದೆರಡು ಮಾತು ಹೇಳೋಣ ಅಂತ ಮನಸ್ಸಿನಲ್ಲಿ ಕಟ್ಟಿಕೊಂಡೇ ಹೋಗುತ್ತಿದ್ದೆ. ಎಲ್ಲಿಯ ಮಾತು? ಕಡ್ಡಿ ಹಿಡಿದ ಕೂಡಲೇ ಉಸಿರೇ ನಿಂತ ಹಾಗಾಗುತ್ತಿತ್ತು. ಬೆರಳಿಗೆ ಹುಳದ ಬಿಗಿ ಗೊತ್ತಾಗಬೇಕು. ಸ್ವಲ್ಪ ಬಿಗಿ ಹೆಚ್ಚಾದರೂ ನಿಲ್ಲಿಸಬೇಕು. ಅತ್ತೆ ಏನಾದರೂ ಕೇಳಿದರೆ, "ಸುಮ್ಮನಿರಮ್ಮ, ಈಗ ಮಾತಾಡಬೇಡ" ಅನ್ನುತ್ತಿದ್ದೆ. ಅವಳು ಕಂಬಕ್ಕೆ ಒರಗಿ ನಿಂತು, ನಾನು ಎದ್ದುಹೋಗುವ ತನಕ ಕಣ್ಣು ಕೀಳದೆ ನೋಡುತ್ತಿದ್ದಳು. ನಾನು ಬೀದಿಗೆ ಇಳಿದ ಮೇಲೆ ಕೂತಿದ್ದ ಜಾಗಕ್ಕೆ ಸಗಣಿನೀರು ಚಿಮುಕಿಸುತ್ತಿದ್ದಳು. ಒಂದು ದಿನ ಮರೆತ ಸೆರಗುಪಿನ್ನಿಗಾಗಿ ತಿರುಗಿ ಬಂದಾಗ ನೋಡಿಬಿಟ್ಟೆ. ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮನೆಗೆ ಬಂದು, ಏನೂ ಅರಿಯದ ಗಂಡನ ಮೇಲೆ ಹರಿಹಾಯ್ದೆ.

"ಹೋಗುವುದನ್ನು ಬಿಡುತ್ತೀಯಾ?" ಎಂದರು ಅವರು.

"ಬಿಟ್ಟರೆ ಆ ಮುದುಕಿ ಎಳೆದು ಕಿತ್ತುಬಿಡುತ್ತಾಳೆ" ಎಂದೆ.

ಯುಗಾದಿ ಬಂತು. ಕಾಲಿಗೆ ಬಿಸಿನೀರು ತಾಕಿಸಬೇಡಿ ಅಂತ ಹಿಂದಿನ ದಿನ ಸಾರಿಸಾರಿ ಹೇಳಿ ಬಂದಿದ್ದೆ. ಹಬ್ಬದ ದಿನ ಎಣ್ಣೆನೀರು ಹಾಕದೆ ಸೊಸೆಯನ್ನು ಕೂರಿಸುವುದುಂಟೆ? ಅತ್ತೆ ನೆತ್ತಿಯಿಂದ ಅಂಗಾಲಿನವರೆಗೆ ಹರಳೆಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ ಉಜ್ಜಿ, ಹಂಡೆಯ ನೀರು ಹುಯ್ದಿದ್ದಳು. ನಾನು ಹೋದಾಗ ಹುಡುಗಿ ಹೊಸ ಸೀರೆ ಉಟ್ಟು, ಹಲ್ಲು ಕಚ್ಚಿಕೊಂಡು ಕೂತಿದ್ದಳು. ಕಡ್ಡಿ ಜಾರಿ, ಸುತ್ತಿದ್ದ ನಾರು ಸಡಿಲವಾಗಿ ಅರ್ಧಕ್ಕರ್ಧ ಒಳಗೆ ಸೇರಿಕೊಂಡಿತ್ತು. ಹರಡು ಊದಿ ಕೆಂಪಾಗಿತ್ತು.

"ನಿನಗೆ ಕಿವಿ ಇಲ್ಲವಾ? ಈ ಹುಡುಗಿಯ ಕಾಲು ತೆಗೆಯಬೇಕು ಅಂತಲೇ ಇದ್ದೀಯಾ?" ಎಂದೆ, ಹಬ್ಬದ ದಿನ, ಬೀದಿಗೆ ಕೇಳುವ ಹಾಗೆ.

"ಅಬ್ಬದ್ ದಿನ ನೀರಾಕ್ಬ್ಯಾಡ ಅಂದ್ರೆ ಹೆಂಗಮ್ಮ? ಸೂತಕದ ಮನೇನಾ ನಮ್ದು?" ಎಂದಳು ಮುದುಕಿ. ದನಿಯಲ್ಲಿ ಜೋರಿರಲಿಲ್ಲ. ಅವಳ ಕಣ್ಣು ಆ ಊದಿದ ಹರಡಿನ ಮೇಲೇ ಇತ್ತು. ಅದು ನನಗೆ ಆಗ ಕಂಡರೂ ಮನಸ್ಸಿಗೆ ಹೋಗಲಿಲ್ಲ.

ಅಲ್ಲಿಂದ ಮುಂದೆ ಒಂದೊಂದು ದಿನವೂ ಜೀವ ಕೈಯಲ್ಲಿ ಹಿಡಿದುಕೊಂಡು ಕಳೆದೆ. ಜ್ವರ ಬಂತೇ, ಕೀವು ಕಟ್ಟಿತೇ, ಮುದುಕಿ ಇನ್ನೇನು ಮಾಡಿದಳೋ. ಅನ್ನದ ಮುಂದೆ ಕೂತರೂ ಅದೇ, ಹಾಡುಪುಸ್ತಕ ತೆರೆದರೂ ಅದೇ. ದೊರೆಸಾನಿ ಒಂದು ಸಂಜೆ, "ಆ ಮನೆಯವರಿಗೆ ನಮ್ಮ ಸ್ವಾಮಿಯ ವಿಷಯ ಏನಾದರೂ ತಿಳಿಯಿತೆ?" ಎಂದು ಕೇಳಿದರು. "ಇನ್ನೂ ಕಾಲೇ ಸರಿಹೋಗಿಲ್ಲ" ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಊತ ಇಳಿಯಿತು, ನಾರು ಮತ್ತೆ ಕೊಂಚಕೊಂಚವೇ ಬರತೊಡಗಿತು. ಹೆದರಿಕೆ ಮಾತ್ರ ಇಳಿಯಲಿಲ್ಲ.

ಈಸ್ಟರಿಗೆ ಮುಂಚಿನ ಗುರುವಾರ ಸಂಜೆಯ ಆರಾಧನೆಯಲ್ಲಿ ನನ್ನ ಗಂಡ, ಸ್ವಾಮಿ ತನ್ನ ಶಿಷ್ಯರ ಕಾಲು ತೊಳೆದ ಭಾಗವನ್ನು ಓದಿದರು. ಪ್ರತಿ ವರ್ಷ ಕೇಳುವುದೇ. ಆ ಸಲ ಮಾತ್ರ ನನಗೆ, ಆ ಶಿಷ್ಯರಲ್ಲಿ ಯಾರ ಕಾಲಿಗೂ ನಾರುಹುಣ್ಣು ಇರಲಿಲ್ಲವೇನೋ ಎನ್ನಿಸಿತು. ಪಕ್ಕದವರಿಗೆ ಪಿಸುಗುಟ್ಟಲು ಹೋಗಿ ಸುಮ್ಮನಾದೆ.

ಶುಕ್ರವಾರ ಬೆಳಿಗ್ಗೆ ಕಾಲು ನೋಡಿದಾಗ ನಾರು ತೀರ ತೆಳ್ಳಗಾಗಿತ್ತು. ಬಾಲ ಹತ್ತಿರ ಬಂದಿದೆ ಎನ್ನುವ ಗುರುತು ಅದು. ಕಿತ್ತುಹೋಗುವುದೂ ಆಗಲೇ. ಸುತ್ತಲು ಧೈರ್ಯ ಬರಲಿಲ್ಲ. ಕಡ್ಡಿಯನ್ನು ಬಿಗಿಯಾಗಿ ಕಟ್ಟಿ ಹೇಳಿದೆ: "ಇವತ್ತು ನಮ್ಮ ಸ್ವಾಮಿ ಪ್ರಾಣ ಬಿಟ್ಟ ದಿನ. ಮಧ್ಯಾಹ್ನವೆಲ್ಲ ದೇವಾಲಯದಲ್ಲಿರುತ್ತೇನೆ. ಸಂಜೆ ಬರುತ್ತೇನೆ. ಅಲ್ಲಿಯವರೆಗೆ ಯಾರೂ ಮುಟ್ಟಕೂಡದು." ಮುದುಕಿಯ ಕಣ್ಣು ಕಡ್ಡಿಯ ಮೇಲಿತ್ತು.

ದೇವಾಲಯದ ಮೆಟ್ಟಿಲು ಹತ್ತುತ್ತಿರುವಾಗ ಊರ ಕಡೆಯಿಂದ ಧೂಳು ಕಂಡಿತು. ಕುರಿಗಳ ಕೂಗು ಕೇಳಿಸಿತು. ಕಂಬಳಿ ಹೊದ್ದ ಒಬ್ಬ ಯುವಕ ಮಂದೆಯನ್ನು ಬಾವಿಯ ಬೀದಿಗೆ ತಿರುಗಿಸುತ್ತಿದ್ದ. ಮಗ ಬಂದುಬಿಟ್ಟಿದ್ದ. ಸೊಸೆಯನ್ನು ಎದ್ದು ನಿಲ್ಲಿಸಿ ತೋರಿಸುವ ಆತುರಕ್ಕೆ ಮುದುಕಿ ಈಗ ಕಡ್ಡಿ ಹಿಡಿದು ಜಗ್ಗಿಯೇ ಬಿಡುತ್ತಾಳೆ ಎನ್ನಿಸಿತು.

ಆದರೂ ದೇವಾಲಯದ ಒಳಗೆ ಹೋಗಿ ಕೂತೆ. ಶಿಲುಬೆಯ ಮೇಲೆ ಸ್ವಾಮಿ ಆಡಿದ ಏಳು ಮಾತುಗಳನ್ನು ಆ ಮಧ್ಯಾಹ್ನ ಒಂದೊಂದಾಗಿ ಧ್ಯಾನಿಸುವುದು ನಮ್ಮ ಪದ್ಧತಿ. ನಡುವೆ ಯಾರೂ ಏಳುವುದಿಲ್ಲ, ಕೈಕೂಸುಗಳನ್ನೂ ಮನೆಯಲ್ಲಿ ಬಿಟ್ಟು ಬರುತ್ತಾರೆ. ಮೊದಲ ಮಾತು ಮುಗಿಯಿತು. ಎರಡನೆಯದು ಮುಗಿಯಿತು. "ಅಮ್ಮಾ, ಇಗೋ ನಿನ್ನ ಮಗನು" ಎಂದು ನನ್ನ ಗಂಡ ಮೂರನೆಯದನ್ನು ಓದಿದಾಗ ನನ್ನಿಂದ ಆಗಲಿಲ್ಲ. ಎದ್ದುಬಿಟ್ಟೆ. ಅವರು ಕನ್ನಡಕದ ಮೇಲಿನಿಂದ ನೋಡಿದರು, ದೊರೆಸಾನಿ ತಿರುಗಿ ನೋಡಿದರು. ಯಾರ ಮುಖವನ್ನೂ ನೋಡದೆ ಹೊರಬಿದ್ದೆ. ಬಿಸಿಲಿನಲ್ಲಿ, ಬಿಳೀ ಸೀರೆಯಲ್ಲಿ, ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದೆ.

ಜಗಲಿ ಬರಿದಾಗಿತ್ತು. ಒಳಗೆ ನುಗ್ಗಿದೆ. ಹೊಸ್ತಿಲು ದಾಟಿದ್ದು ಆಮೇಲೆ ನೆನಪಾಯಿತು.

ಮುದುಕಿ ನೆಲದ ಮೇಲೆ ಕೂತಿದ್ದಳು. ಸೊಸೆಯ ಕಾಲು ಅವಳ ತೊಡೆಯ ಮೇಲಿತ್ತು. ಅತ್ತೆಯಾದವಳು ಸೊಸೆಯ ಕಾಲು ಹಿಡಿದದ್ದನ್ನು ನಾನು ಅದಕ್ಕೆ ಮೊದಲು ಕಂಡವಳಲ್ಲ. ಎರಡು ಬೆರಳಲ್ಲಿ ಕಡ್ಡಿ ಹಿಡಿದು, ಇನ್ನೊಂದು ಕೈಯಲ್ಲಿ ಒದ್ದೆಬಟ್ಟೆ ಒತ್ತಿಕೊಂಡಿದ್ದಳು. ಮುಖದಿಂದ ಬೆವರು ಇಳಿಯುತ್ತಿತ್ತು, ಒರೆಸಿಕೊಂಡಿರಲಿಲ್ಲ. ಪಕ್ಕದಲ್ಲಿ ಮಗ, ಹೆಗಲ ಕಂಬಳಿಯನ್ನೂ ಇಳಿಸದೆ, ಚೊಂಬು ಹಿಡಿದು ಕಾಲಿನ ಮೇಲೆ ಸಣ್ಣಗೆ ನೀರು ಬಿಡುತ್ತಿದ್ದ. ನಾನು ಬಾಯಿ ತೆರೆದೆ.

"ಸುಮ್ಕಿರಮ್ಮ, ಈಗ ಮಾತಾಡ್ಬ್ಯಾಡ" ಎಂದಳು ಮುದುಕಿ, ತಲೆ ಎತ್ತದೆ.

ಆದದ್ದನ್ನು ಹುಡುಗಿಯೇ ಪಿಸುಮಾತಿನಲ್ಲಿ ಹೇಳಿದಳು. ಗಂಡನ ದನಿ ಕೇಳಿ, ತಾನೇ ನಡೆದುಹೋಗಿ ಕಾಲಿಗೆ ನೀರು ಕೊಡೋಣ ಎಂದು ಎದ್ದಿದ್ದಳಂತೆ. ಸೀರೆಯ ಅಂಚು ಕಡ್ಡಿಗೆ ಸಿಕ್ಕಿ ಕಟ್ಟು ಬಿಚ್ಚಿಹೋಯಿತಂತೆ. ಅತ್ತೆ ಹಾರಿ ಹಿಡಿದುಕೊಂಡು ಅಲ್ಲೇ ಕೂರಿಸಿದಳಂತೆ.

"ಬುಟ್ರೆ ಒಳಕ್ಕೋಯ್ತದೆ, ಎಳುದ್ರೆ ಕಿತ್ಕತದೆ" ಎಂದಳು ಮುದುಕಿ. "ನೀ ಬರಗಂಟ ಇಂಗೇ ಕುಂತಿವ್ನಿ. ಮಗ ಬಂದವ್ನೆ, ಒಂದ್ ಲೋಟ ನೀರ್ ಕೊಡಾಕೂ ಎದ್ದಿಲ್ಲ ಕಣಮ್ಮ. ತಗಾ, ನೀನೇ ಸುತ್ತು. ನನ್ ಕೈ ನಡುಗ್ತಾವೆ."

ಕೈ ಚಾಚಿದೆ. ನನ್ನ ಬೆರಳು ಅವಳದ್ದಕ್ಕಿಂತ ಹೆಚ್ಚು ನಡುಗುತ್ತಿತ್ತು. "ನೀನೇ ಸುತ್ತಮ್ಮ. ನಾನು ಬಟ್ಟೆ ಹಿಡಿಯುತ್ತೇನೆ" ಎಂದೆ. ಅವಳು ಒಂದು ಕಾಳಿನಷ್ಟು ತಿರುಗಿಸಿದಳು, ನಿಂತಳು, ಮತ್ತೆ ತಿರುಗಿಸಿದಳು. ಹೊರಗೆ ಕುರಿಗಳು ನೀರಿಗಾಗಿ ಒದರುತ್ತಿದ್ದವು. ಹೀಗೇ ಎಷ್ಟು ಹೊತ್ತು ಕೂತಿದ್ದೆವೋ. ಕೊನೆಗೆ ನಾರಿನ ತುದಿ ತಾನಾಗಿ ಜಾರಿ ಈಚೆ ಬಂತು. ಮುದುಕಿ ಅದನ್ನು ಬೆಳಕಿಗೆ ಹಿಡಿದಳು. ನಾನು ನೋಡಿದೆ. ಬಾಲದ ಕೊಂಕಿಯ ತನಕ ಇಡಿಯಾಗಿ ಬಂದಿತ್ತು. ಹುಡುಗಿ ಮುಖ ಮುಚ್ಚಿಕೊಂಡು ಅತ್ತಳು. ಶಿರಾದ ತಂಗಿ ಮಗಳ ಮಾತನ್ನು ಯಾರೂ ಎತ್ತಲಿಲ್ಲ.

ಮುದುಕಿ ಸೊಸೆಯ ಕಾಲನ್ನು ತೊಡೆಯಿಂದ ಇಳಿಸದೆಯೇ ನನ್ನನ್ನು ನೋಡಿದಳು. "ಇವತ್ತು ನಿಮ್ ಸ್ವಾಮಿ ಪ್ರಾಣ ಬುಟ್ ದಿನ ಅಂದಿದ್ದೆ. ಅದನ್ನ ಬುಟ್ಟು ಬಂದ್ಬುಟ್ಯಾ? ಆಯಪ್ಪ ಏನೂ ಅಂದ್ಕಳಾಕಿಲ್ವಾ?"

ಅಷ್ಟು ದಿನ ಕಟ್ಟಿಕೊಂಡು ಹೋಗಿದ್ದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. "ಅಂದುಕೊಳ್ಳುವುದಿಲ್ಲ ಕಣಮ್ಮ. ಆತನೂ ಇನ್ನೊಬ್ಬರ ಕಾಲು ತೊಳೆದವನೇ" ಎಂದೆ.

"ಯಾರ್ ಕಾಲ್ನ?"

"ತನಗಿಂತ ಚಿಕ್ಕವರದ್ದು."

ಅವಳು ತನ್ನ ತೊಡೆಯ ಮೇಲಿದ್ದ ಕಾಲನ್ನು ನೋಡಿದಳು. ಆಮೇಲೆ ಸೆರಗಿನ ತುದಿಯಿಂದ ಆ ಹರಡಿನ ನೀರನ್ನು ಒತ್ತಿ ಒರೆಸಿದಳು.